ಸಣ್ಣ ಬೇಟೆಯ ಮಿತಿಗಳು: ದಾವಣಗೆರೆ–ಹರಿಹರ ಸೀಮೆಯ ಬಯಲಿನಲ್ಲಿ ಕಳ್ಳಬೇಟೆಯ ಪ್ರಶ್ನೆ

ಕಳ್ಳಬೇಟೆಯೆಂದ ಕೂಡಲೇ ಕರ್ನಾಟಕದ ಓದುಗರ ಮನಸ್ಸಿಗೆ ಬರುವುದು ಆನೆಯ ದಂತ, ಹುಲಿಯ ಚರ್ಮ, ಗಡಿ ದಾಟುವ ಸಾಗಣೆ ಮತ್ತು ವೀರಪ್ಪನ್ ಕಾಲದ ಮಲೆ ಮಹದೇಶ್ವರ ಬೆಟ್ಟದ ಕಾಡುಗಳು. ಅರಣ್ಯ ಇಲಾಖೆಯ ಗಮನವೂ ಪತ್ರಿಕೆಗಳ ಗಮನವೂ ಬಹುಕಾಲ ಈ ದೊಡ್ಡ ಬೇಟೆಯ ಮೇಲೆಯೇ ನೆಟ್ಟಿದ್ದುದು ಸಹಜವಾಗಿದೆ. ಆದರೆ ಕಾನೂನಿನ ಕಣ್ಣಿನಲ್ಲಿ ಇದೇ ಹೆಸರನ್ನು ಹೊರುವ ಇನ್ನೊಂದು ಬೇಟೆಯಿದೆ. ಅದು ಹೊಲದ ಬದುವಿನಲ್ಲಿ ಮೊಲಕ್ಕೆ ಒಡ್ಡಿದ ಬಲೆ, ಬೀಳುಭೂಮಿಯಲ್ಲಿ ಕೌಜುಗಕ್ಕೆ ಇಟ್ಟ ಉರುಳು, ಕೆರೆಯ ಹಿನ್ನೀರಿನಲ್ಲಿ ನೀರುಹಕ್ಕಿಗೆ ಹಾಕಿದ ಗಾಳ, ಬಂಡೆಯ ಸಂದಿನಿಂದ ಎಳೆದ ಉಡ. ಮಾರಾಟಕ್ಕಿಂತ ಮನೆಯ ಒಲೆಗೆ, ಸಂಪಾದನೆಗಿಂತ ಹಬ್ಬಕ್ಕೆ ನಡೆಯುತ್ತಿದ್ದ ಈ ಬೇಟೆಯನ್ನು ಇಲ್ಲಿ ‘ಸಣ್ಣ ಬೇಟೆ’ ಎಂದು ಕರೆಯಲಾಗಿದೆ. ದಾವಣಗೆರೆ ತಾಲ್ಲೂಕಿನ ಲೋಕಿಕೆರೆಯಂಥ ಊರುಗಳಿಂದ ಹರಿಹರದ ತುಂಗಭದ್ರಾ ದಂಡೆಯವರೆಗೆ, ಮತ್ತು ಅಲ್ಲಿಂದ ಜಗಳೂರಿನ ಕುರುಚಲು ಗುಡ್ಡಗಳವರೆಗೆ ಹರಡಿರುವ ಬಯಲುನಾಡಿನಲ್ಲಿ ಈ ಬೇಟೆ ಯಾವ ಮಿತಿಗಳೊಳಗೆ ಬದುಕಿತ್ತು, ಆ ಮಿತಿಗಳು ಹೇಗೆ ಒಂದೊಂದಾಗಿ ಕಳಚಿದವು ಎಂಬುದೇ ಈ ಉಪನ್ಯಾಸದ ವಿಷಯ.

ಈ ಸೀಮೆಯನ್ನು ಕಾಡಿಲ್ಲದ ನಾಡೆಂದು ಭಾವಿಸುವುದು ವಾಡಿಕೆಯಾಗಿದೆಯಾದರೂ ಆ ಭಾವನೆ ಸರಿಯಲ್ಲ. ತುಂಗಭದ್ರೆಯ ಆಚೆ ದಡದ ರಾಣೆಬೆನ್ನೂರಿನಲ್ಲಿ 1974ರಲ್ಲಿ ಘೋಷಿತವಾದ, ಸುಮಾರು 119 ಚದರ ಕಿಲೋಮೀಟರ್ ವಿಸ್ತೀರ್ಣದ ಕೃಷ್ಣಮೃಗ ಅಭಯಾರಣ್ಯವಿದೆ. ಜಗಳೂರು ತಾಲ್ಲೂಕಿನಲ್ಲಿ 2011ರಲ್ಲಿ ಘೋಷಿತವಾದ ರಂಗಯ್ಯನದುರ್ಗ ವನ್ಯಜೀವಿಧಾಮವು ಸುಮಾರು 77 ಚದರ ಕಿಲೋಮೀಟರ್ ವ್ಯಾಪ್ತಿಯಲ್ಲಿ ಕೊಂಡುಕುರಿಗೆ, ಅಂದರೆ ನಾಲ್ಕು ಕೊಂಬುಗಳುಳ್ಳ ಏಕೈಕ ಕಾಡುಪ್ರಾಣಿಗೆ, ಆಸರೆಯಾಗಿದೆ. ಇವೆರಡರ ನಡುವೆ ಕೊಂಡಜ್ಜಿಯ ಗುಡ್ಡಗಳು, ಊರೂರಿನ ಕೆರೆಯಂಗಳಗಳು, ಗೋಮಾಳಗಳು, ಹಳ್ಳದ ಪಕ್ಕದ ಜಾಲಿಯ ಪೊದೆಗಳು ಹರಿದು ಹಂಚಿಹೋಗಿವೆ. ಬಯಲುಸೀಮೆಯ ವನ್ಯಜೀವನವು ದಟ್ಟ ಕಾಡಿನಲ್ಲಿ ನೆಲೆಸಿದ್ದಲ್ಲ, ಮನುಷ್ಯನ ಹೊಲ ಮತ್ತು ದನದ ಮೇವಿನ ನೆಲದ ಅಂಚಿನಲ್ಲಿ ನೆಲೆಸಿದ್ದು. ಆದ್ದರಿಂದಲೇ ಇಲ್ಲಿ ಬೇಟೆಗಾರನೂ ರೈತನೂ ಕುರಿಗಾಹಿಯೂ ಹಲವು ವೇಳೆ ಒಬ್ಬನೇ ಆಗಿದ್ದನು.

ಬೇಟೆಯ ಲಿಖಿತ ಇತಿಹಾಸ ಕನ್ನಡ ನಾಡಿನಲ್ಲಿ ಸಮೃದ್ಧವಾಗಿದೆ, ಆದರೆ ಅದು ಬಹುಪಾಲು ಅರಸರದು. ಕಲ್ಯಾಣದ ಚಾಲುಕ್ಯ ಮೂರನೆಯ ಸೋಮೇಶ್ವರನ ಹನ್ನೆರಡನೆಯ ಶತಮಾನದ ‘ಮಾನಸೋಲ್ಲಾಸ’ವು ಬೇಟೆಯನ್ನು ರಾಜವಿನೋದಗಳ ಸಾಲಿನಲ್ಲಿಟ್ಟು ಅದರ ವಿಧಾನಗಳನ್ನು ವಿಸ್ತಾರವಾಗಿ ವಿವರಿಸುತ್ತದೆ. ಹತ್ತನೆಯ ಶತಮಾನದ ನಡುವಿನ ಆತಕೂರಿನ ಶಾಸನವು ಹಂದಿಯೊಡನೆ ಹೋರಾಡಿ ಸತ್ತ ಕಾಳಿ ಎಂಬ ನಾಯಿಯನ್ನು ಸ್ಮರಿಸುತ್ತದೆ. ಹಂದಿಯನ್ನೋ ಹುಲಿಯನ್ನೋ ಎದುರಿಸಿ ಮಡಿದವರ ವೀರಗಲ್ಲುಗಳು ನಾಡಿನ ಹಲವೆಡೆ ಇವೆ. ಬೇಡನೊಬ್ಬನನ್ನೇ ನಾಯಕನನ್ನಾಗಿಸಿ, ಅವನ ಮಾಂಸದ ನೈವೇದ್ಯವನ್ನು ಭಕ್ತಿಯ ತುದಿಯೆಂದು ಎತ್ತಿಹಿಡಿದದ್ದು ಹರಿಹರ ಕವಿಯ ‘ಕಣ್ಣಪ್ಪನ ರಗಳೆ’. ಶಿವಭಕ್ತಿಯ ಪರಂಪರೆಯು ಬೇಟೆಗಾರನಿಗೆ ಪುರಾತನರೆಂಬ ಪೂಜ್ಯ ಶಿವಭಕ್ತರ ನಡುವೆ ಜಾಗ ಕೊಟ್ಟಿತೆಂಬುದು ಕಡಿಮೆ ಮಾತಲ್ಲ. ಹೊಸಗನ್ನಡದಲ್ಲಿ ಕುವೆಂಪು ಅವರ ‘ಮಲೆನಾಡಿನ ಚಿತ್ರಗಳು’ ಮಲೆನಾಡಿನ ಬೇಟೆಯನ್ನು ಅದರ ಸದ್ದುಗದ್ದಲಗಳೊಡನೆ ದಾಖಲಿಸಿತು. ಬಯಲುಸೀಮೆಯ ಮೊಲದ ಬಲೆಗೆ, ಕೌಜುಗದ ಉರುಳಿಗೆ ಅಂಥ ಲೇಖಕರು ದೊರೆತದ್ದು ಕಡಿಮೆ. ಚಿತ್ರದುರ್ಗ ಮತ್ತು ಜಗಳೂರು ಸೀಮೆಯ ಮ್ಯಾಸಬೇಡರು ಗಾದರಿಪಾಲನಾಯಕನ ಮಹಾಕಾವ್ಯವನ್ನು ಬಾಯಿಂದ ಬಾಯಿಗೆ ಉಳಿಸಿಕೊಂಡು ಬಂದಿರದಿದ್ದರೆ ದನಗಾಹಿಗಳೂ ಬೇಟೆಗಾರರೂ ಆಗಿದ್ದ ಈ ಜನರ ಲೋಕದ ಪರಿಚಯ ಇನ್ನಷ್ಟು ಮಸುಕಾಗುತ್ತಿತ್ತು. ಬೇಟೆಯ ಕುಲವೆನಿಸಿಕೊಂಡ ಈ ಮ್ಯಾಸಬೇಡರೇ ಕೋಳಿಯನ್ನು ಮುಟ್ಟದ ಕಟ್ಟುನಿಟ್ಟನ್ನು ಪಾಲಿಸಿಕೊಂಡು ಬಂದವರೆಂಬುದನ್ನು ಗಮನಿಸಿದರೆ, ಯಾವುದನ್ನು ತಿನ್ನಬಹುದು, ಯಾವುದನ್ನು ತಿನ್ನಬಾರದು ಎಂಬ ವಿವೇಚನೆ ಬೇಟೆಯ ಸಮುದಾಯಗಳಲ್ಲಿ ಎಷ್ಟು ಬಿಗಿಯಾಗಿತ್ತೆಂಬುದು ತಿಳಿಯುತ್ತದೆ.

ಬಯಲಿನ ಸಣ್ಣ ಬೇಟೆಯ ವಿಧಾನಗಳನ್ನು ತುಸು ವಿವರವಾಗಿಯೇ ನೋಡಬೇಕು, ಏಕೆಂದರೆ ಅದರ ಮಿತಿಗಳು ಉಪಕರಣಗಳಲ್ಲೇ ಅಡಗಿದ್ದವು. ಮೊಲದ ಬೇಟೆಗೆ ಬೇಕಾಗಿದ್ದುದು ನೂಲಿನ ಅಥವಾ ಪುಂಡಿನಾರಿನ ಉದ್ದನೆಯ ಬಲೆ, ಅದನ್ನು ನಿಲ್ಲಿಸುವ ಗೂಟಗಳು, ನಾಯಿಗಳು ಮತ್ತು ಸೋವುವ ಜನ. ಸೋವುವುದೆಂದರೆ ಪೊದೆಗಳನ್ನು ಬಡಿಯುತ್ತ, ಕೂಗುತ್ತ, ಅಡಗಿದ ಪ್ರಾಣಿಯನ್ನು ಬಲೆಯಿರುವ ದಿಕ್ಕಿಗೆ ಎಬ್ಬಿಸಿ ಓಡಿಸುವುದು. ಇದು ಒಬ್ಬನಿಂದ ಆಗುವ ಕೆಲಸವಲ್ಲ, ಹತ್ತಾರು ಜನ ಅರ್ಧ ದಿನ ಬೆವರಿಳಿಸಿದರೂ ಬರಿಗೈಯಲ್ಲಿ ಮರಳುವುದು ಸಾಮಾನ್ಯವಾಗಿತ್ತು. ಕೌಜುಗ ಮತ್ತು ಬುರ್ಲಿಯ ಬೇಟೆ ಇದಕ್ಕಿಂತ ಸೂಕ್ಷ್ಮವಾದದ್ದು. ಸಾಕಿ ಪಳಗಿಸಿದ ಹಕ್ಕಿಯೊಂದನ್ನು ಪಂಜರದಲ್ಲಿಟ್ಟು ಕೂಗಿಸಿ, ಆ ಕೂಗಿಗೆ ಜಗಳಕ್ಕೆಂದು ಬರುವ ಕಾಡುಹಕ್ಕಿಯನ್ನು ಸುತ್ತ ಹೂಡಿದ ಉರುಳುಗಳಲ್ಲಿ ಸಿಕ್ಕಿಸಲಾಗುತ್ತಿತ್ತು. ಹೀಗೆ ಒಡನಾಡಿಯನ್ನು ಸೆಳೆಯಲು ಬಳಸುವ ಪಳಗಿದ ಪ್ರಾಣಿ ಅಥವಾ ಹಕ್ಕಿಯನ್ನು ಹಳಗನ್ನಡದ ಕಾಲದಿಂದಲೂ ‘ದೀವ’ ಎನ್ನುತ್ತ ಬಂದಿದ್ದಾರೆ. ಹರಣಶಿಕಾರಿಗಳೆಂದು ಕರೆಯಲ್ಪಡುವ, ಪಾರ್ಧಿಗಳ ಬಳಗಕ್ಕೆ ಸೇರಿದ ಅಲೆಮಾರಿಗಳು ಜಿಂಕೆಯ ಹಾದಿಗೆ ಸಾಲು ಉರುಳು ಹೂಡುವುದರಲ್ಲಿ ನಿಪುಣರು. ಹಕ್ಕಿಪಿಕ್ಕಿಗಳು ಹೆಸರೇ ಸೂಚಿಸುವಂತೆ ಹಕ್ಕಿ ಹಿಡಿಯುವುದನ್ನು ಕುಲಕಸುಬಾಗಿ ಉಳ್ಳವರು. ಇಂಥ ಕುಶಲತೆಯನ್ನು ಪಡೆಯಲು ಹಕ್ಕಿಯ ಕೂಗಿನ ಬೇರೆ ಬೇರೆ ಬಗೆಗಳು, ಅದು ನೀರಿಗೆ ಇಳಿಯುವ ಹೊತ್ತು, ಮೊಲದ ಹಿಕ್ಕೆ ಎಷ್ಟು ಹೊತ್ತಿನದೆಂಬ ಅಂದಾಜು, ಗಾಳಿಯ ದಿಕ್ಕು ಇವೆಲ್ಲದರ ಅರಿವು ಬೇಕಾಗುತ್ತಿತ್ತು. ಆ ಅರಿವು ಚಿಕ್ಕಂದಿನಿಂದ ಹಿರಿಯರ ಬೆನ್ನುಹತ್ತಿ ತಿರುಗಿದವರಿಗೆ ಮಾತ್ರ ಒಲಿಯುತ್ತಿತ್ತು.

ಬೇಟೆಗೆ ಋತುವಿನ ಕಟ್ಟೂ ಇತ್ತು. ಮುಂಗಾರಿನಲ್ಲಿ ಉಳುಮೆ ಬಿತ್ತನೆಗಳು, ಹಿಂಗಾರಿನಲ್ಲಿ ಕೊಯಿಲು ಒಕ್ಕಣೆಗಳು ಊರಿನ ಎಲ್ಲ ಕೈಗಳನ್ನೂ ಹಿಡಿದಿಡುತ್ತಿದ್ದವು. ಬೆಳೆ ಒಳಗೆ ಬಂದು, ಹೊಲ ಬರಿದಾಗಿ, ಕೈ ಬಿಡುವಾದ ಸಂಕ್ರಾಂತಿಯಿಂದ ಯುಗಾದಿಯವರೆಗಿನ ಅವಧಿಯೇ ಸಾಮೂಹಿಕ ಬೇಟೆಯ ಕಾಲವಾಯಿತು. ಯುಗಾದಿಯ ಮರುದಿನದ ವರ್ಷತೊಡಕಿಗೆ ಬೇಟೆಯಾಡುವ ಪದ್ಧತಿ ನಾಡಿನ ಹಲವು ಜಿಲ್ಲೆಗಳಲ್ಲಿ ಬೇರೂರಿರುವುದು ಹೀಗೆ. ಸಿಕ್ಕದ್ದನ್ನು ಹಂಚುವ ಕ್ರಮವೂ ನಿಗದಿಯಾಗಿರುತ್ತಿತ್ತು. ಹೊಡೆದವನಿಗೆ, ಸೋವಿದವರಿಗೆ, ಬಲೆಯ ಒಡೆಯನಿಗೆ, ನಾಯಿಗೆ ಎಂದು ಪಾಲುಗಳಿದ್ದವು. ಹಂಚಿದ ಮೇಲೆ ಮಾರಲು ಉಳಿಯುವಷ್ಟು ಮಾಂಸ ಯಾರ ಕೈಯಲ್ಲೂ ಇರುತ್ತಿರಲಿಲ್ಲ. ಪಕ್ಕದ ಚಿತ್ರದುರ್ಗ ಜಿಲ್ಲೆಯ ಹೊಸದುರ್ಗ ತಾಲ್ಲೂಕಿನ ಕಂಚೀಪುರದಲ್ಲಿ ಸಂಕ್ರಾಂತಿಯಂದು ಮೊಲವನ್ನು ಜೀವಂತವಾಗಿ ಹಿಡಿದು ತಂದು, ದೇವರ ಮುಂದೆ ಸಿಂಗರಿಸಿ ಪೂಜಿಸಿ, ಮತ್ತೆ ಕಾಡಿಗೆ ಬಿಡುವ ಆಚರಣೆಯಿದೆ. ಬೇಟೆಯ ಇಡೀ ಕೌಶಲವನ್ನು ಪ್ರದರ್ಶಿಸಿಯೂ ಕೊಲ್ಲದೆ ಮುಗಿಯುವ ಈ ಆಚರಣೆ ಸಂಪ್ರದಾಯವೆಂಬುದು ಎಷ್ಟು ಬಗೆಯಲ್ಲಿ ಬಾಗಬಲ್ಲುದೆಂಬುದಕ್ಕೆ ಅಪರೂಪದ ಸಾಕ್ಷಿಯಾಗಿದೆ. ಹಿಡಿಯುವುದೂ ಈಗಿನ ಕಾನೂನಿನ ಪ್ರಕಾರ ಬೇಟೆಯೇ ಎಂಬುದು ಬೇರೆ ಮಾತು.

ಇಷ್ಟನ್ನು ಹೇಳಿದ ಮೇಲೆ ಒಂದು ತಪ್ಪುಗ್ರಹಿಕೆಯನ್ನು ದೂರ ಮಾಡಬೇಕು. ಹಳೆಯ ಬೇಟೆಗಾರನು ಪ್ರಕೃತಿಯ ಕಾವಲುಗಾರನಾಗಿದ್ದನೆಂದೂ ದಯೆಯಿಂದಲೇ ಕಡಿಮೆ ಕೊಲ್ಲುತ್ತಿದ್ದನೆಂದೂ ಬಿಂಬಿಸುವ ಬರಹಗಳು ಈಚೆಗೆ ಹೆಚ್ಚಾಗಿವೆ. ಅವು ಅವನಿಗೆ ಗೌರವ ತೋರುವ ಉತ್ಸಾಹದಲ್ಲಿ ಅವನ ನಿಜವಾದ ಬದುಕನ್ನು ಮರೆಮಾಡುತ್ತವೆ. ಅವನ ಬೇಟೆ ಸಣ್ಣದಾಗಿದ್ದುದಕ್ಕೆ ಕಾರಣಗಳು ಬಲೆಯ ನೂಲು, ನಾಯಿಯ ದಮ್ಮು, ಬೇಸಾಯದ ಪಂಚಾಂಗ, ಪಾಲಿನ ಕಟ್ಟಳೆ ಮತ್ತು ಎಲ್ಲಕ್ಕಿಂತ ಮಿಗಿಲಾಗಿ, ಪ್ರಾಣಿ ತಪ್ಪಿಸಿಕೊಂಡು ಹೋಗಲು ಇದ್ದ ವಿಶಾಲವಾದ ಬೀಳು. ಮಿತಿ ಅವನ ಎದೆಯೊಳಗೆ ಇದ್ದಿರಲೂಬಹುದು, ಆದರೆ ಅದನ್ನು ಕಾಯುತ್ತಿದ್ದುದು ಅವನ ಸುತ್ತಲಿನ ವ್ಯವಸ್ಥೆ. ವ್ಯವಸ್ಥೆ ಕಳಚಿದಾಗ ಅದೇ ಮನುಷ್ಯ, ಅದೇ ಹಬ್ಬ, ಅದೇ ಹೆಸರು ಉಳಿದರೂ ಬೇಟೆ ಬೇರೆಯದೇ ಆಗುತ್ತದೆ.

ಕಾನೂನು ಈ ಲೋಕವನ್ನು ಪ್ರವೇಶಿಸಿದ ಬಗೆ ವಿಷಾದಕರವಾದದ್ದು. ಅದು ಮೊದಲು ಬಂದದ್ದು ಪ್ರಾಣಿಯ ರಕ್ಷಣೆಗಾಗಿ ಅಲ್ಲ, ಮನುಷ್ಯನ ಕೈಯಿಂದ ಆಯುಧ ಕಸಿಯಲು. 1857ರಲ್ಲಿ ನಿಶ್ಶಸ್ತ್ರೀಕರಣದ ಆಜ್ಞೆಯನ್ನು ಧಿಕ್ಕರಿಸಿದ ಮುಧೋಳ ಸಂಸ್ಥಾನದ ಹಲಗಲಿಯ ಬೇಡರ ಊರನ್ನು ಬ್ರಿಟಿಷ್ ಸೇನೆ ಸುಟ್ಟಿತು, ಹಲವರನ್ನು ಗಲ್ಲಿಗೇರಿಸಿತು. ಬೇಟೆಯ ಕೋವಿ ಬೇಡನಿಗೆ ಬದುಕಿನ ಭಾಗವಾಗಿದ್ದುದರಿಂದಲೇ ಆ ಪ್ರತಿರೋಧ ಅಷ್ಟು ಉಗ್ರವಾಯಿತು. 1871ರಲ್ಲಿ ಉತ್ತರ ಭಾರತದ ಪ್ರಾಂತಗಳಿಗೆಂದು ಬಂದು ಮುಂದೆ ಇತರೆಡೆಗೂ ವಿಸ್ತರಿಸಿದ ಅಪರಾಧಿ ಬುಡಕಟ್ಟುಗಳ ಕಾಯಿದೆಯು, ಅಂದರೆ ಹುಟ್ಟಿನಿಂದಲೇ ಇಡೀ ಕುಲವನ್ನು ಅಪರಾಧಿಯೆಂದು ಪಟ್ಟಿಮಾಡುವ ಕಾಯಿದೆಯು, ಅಲೆಮಾರಿ ಬೇಟೆಗಾರರನ್ನು ಪೊಲೀಸ್ ಹಾಜರಿಯ ಬದುಕಿಗೆ ತಳ್ಳಿತು. ಇತ್ತ ಮೈಸೂರು ಸಂಸ್ಥಾನವು 1901ರಲ್ಲಿ ಬೇಟೆಯ ಪ್ರಾಣಿಗಳ ಮತ್ತು ಮೀನುಗಳ ರಕ್ಷಣೆಗೆ ತನ್ನದೇ ನಿಬಂಧನೆಯನ್ನು ಜಾರಿಗೆ ತಂದಿತು. ಹರಿಹರವು ಮೈಸೂರಿನ ಗಡಿಯ ಪಟ್ಟಣವಾಗಿದ್ದು ಹೊಳೆಯಾಚೆಯ ರಾಣೆಬೆನ್ನೂರು ಮುಂಬೈ ಪ್ರಾಂತದ ಧಾರವಾಡ ಜಿಲ್ಲೆಗೆ ಸೇರಿದ್ದರಿಂದ, ತುಂಗಭದ್ರೆಯ ಎರಡು ದಡಗಳಲ್ಲಿ ಒಂದೇ ಜಿಂಕೆಗೆ ಎರಡು ಸರ್ಕಾರಗಳ ಕಾನೂನು ಅನ್ವಯಿಸುತ್ತಿತ್ತು. ಈ ಕಾನೂನುಗಳು ಪರವಾನಗಿ ಪಡೆದ ದೊರೆಗಳ ವಿನೋದಕ್ಕೆ ಹಾದಿ ತೆರೆದಿಟ್ಟು, ಪರವಾನಗಿ ಎಂದರೇನೆಂದು ಅರಿಯದವನ ಉರುಳನ್ನು ಕಳ್ಳತನವೆಂದು ಕರೆದವು.

ಸ್ವತಂತ್ರ ಭಾರತದಲ್ಲಿ 1952ರಲ್ಲಿ ಅಪರಾಧಿ ಬುಡಕಟ್ಟುಗಳ ಕಾಯಿದೆ ರದ್ದಾಯಿತು, ಆ ಸಮುದಾಯಗಳು ‘ವಿಮುಕ್ತ’ವೆನಿಸಿಕೊಂಡವು. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯು ಕೊಲ್ಲುವುದನ್ನಷ್ಟೇ ಅಲ್ಲದೆ ಹಿಡಿಯುವುದು, ಉರುಳೊಡ್ಡುವುದು, ಸೋವುವುದು, ವಿಷವಿಡುವುದು, ಮೊಟ್ಟೆ ಕದಿಯುವುದು ಹಾಗೂ ಇವುಗಳ ಪ್ರಯತ್ನಗಳನ್ನೂ ‘ಬೇಟೆ’ ಎಂಬ ವ್ಯಾಖ್ಯೆಯೊಳಗೆ ತಂದಿತು. ಮೊದಲಿಗೆ ಅದರಲ್ಲಿ ಸಣ್ಣ ಪ್ರಾಣಿಗಳ ಬೇಟೆಗೆ ಪರವಾನಗಿ ಕೊಡುವ ಅವಕಾಶವಿತ್ತು. 1991ರ ತಿದ್ದುಪಡಿಯು ಅದನ್ನು ತೆಗೆದುಹಾಕಿ, ವಿಶೇಷ ಸಂದರ್ಭಗಳನ್ನು ಬಿಟ್ಟರೆ ಸಂರಕ್ಷಿತ ಪ್ರಾಣಿಗಳ ಬೇಟೆಯನ್ನು ಸಂಪೂರ್ಣವಾಗಿ ನಿಷೇಧಿಸಿತು. 2006ರ ಅರಣ್ಯ ಹಕ್ಕು ಕಾಯಿದೆಯು ಅರಣ್ಯವಾಸಿಗಳ ಪಾರಂಪರಿಕ ಹಕ್ಕುಗಳನ್ನು ಮಾನ್ಯ ಮಾಡುವಾಗಲೂ ಬೇಟೆಯಾಡುವ ಹಕ್ಕನ್ನು ಸ್ಪಷ್ಟವಾಗಿ ಹೊರಗಿಟ್ಟಿತು. 2022ರ ತಿದ್ದುಪಡಿಯು ಸಾಮಾನ್ಯ ಉಲ್ಲಂಘನೆಯ ದಂಡದ ಗರಿಷ್ಠ ಮಿತಿಯನ್ನು 25,000 ರೂಪಾಯಿಗಳಿಂದ 1 ಲಕ್ಷಕ್ಕೇರಿಸಿತು. ಮೂರು ವರ್ಷಗಳವರೆಗಿನ ಸೆರೆವಾಸ ಮುಂದುವರಿಯಿತು. ಕೃಷ್ಣಮೃಗ, ಕೊಂಡುಕುರಿಗಳಂಥ ಮೊದಲನೆಯ ಅನುಸೂಚಿಯ ಪ್ರಾಣಿಗಳಾದರೆ ಕನಿಷ್ಠ ಮೂರು, ಗರಿಷ್ಠ ಏಳು ವರ್ಷಗಳ ಸೆರೆ.

ಕಾಯಿದೆ ಬಿಗಿಯಾಗುತ್ತ ಬಂದ ಈ ದಶಕಗಳಲ್ಲೇ ಬಯಲಿನ ನೆಲ ಸಡಿಲವಾಗುತ್ತ ಹೋಯಿತು. ವನ್ಯಜೀವಿಗಳ ಕುರಿತ ಚರ್ಚೆಯಲ್ಲಿ ಇದಕ್ಕೆ ಸಿಗಬೇಕಾದಷ್ಟು ಮಹತ್ವ ಸಿಕ್ಕಿಲ್ಲ. ಲಕ್ಕವಳ್ಳಿಯಲ್ಲಿ ಕಟ್ಟಿದ ಭದ್ರಾ ಜಲಾಶಯದ ನಾಲೆಗಳು ದಾವಣಗೆರೆ ಸೀಮೆಗೆ ಭತ್ತವನ್ನು ತಂದವು, ಅದು ಅಪಾರ ಜನರ ಹಸಿವನ್ನು ನೀಗಿತು. ಆದರೆ ಜೋಳ, ನವಣೆ, ಶೇಂಗಾಗಳ ನಡುವೆ ಉಳಿಯುತ್ತಿದ್ದ ಬದು ಬೀಳುಗಳು ಗದ್ದೆಯಲ್ಲಿ ಉಳಿಯಲಿಲ್ಲ. ಒಣ ಬೇಸಾಯದ ಹೊಲಗಳನ್ನು ಮೆಕ್ಕೆಜೋಳ ಆಕ್ರಮಿಸಿದ ಮೇಲೆ ಗಿಡಗಳ ಎತ್ತರದ ಮರೆಯಲ್ಲಿ ಕಾಡುಹಂದಿಗೆ ಹೊಸ ಬೀಡು ಸಿಕ್ಕಿತು, ತೆರೆದ ನೆಲವನ್ನು ಬಯಸುವ ಕೃಷ್ಣಮೃಗಕ್ಕೂ ಕೌಜುಗಕ್ಕೂ ಇದ್ದ ಜಾಗ ಕಿರಿದಾಯಿತು. ಅಮೃತಮಹಲ್ ಕಾವಲುಗಳು, ಅಂದರೆ ಮೈಸೂರು ಅರಸರು ದನಗಳ ಮೇವಿಗೆ ಮೀಸಲಿಟ್ಟ ಹುಲ್ಲುಗಾವಲುಗಳು, ತುಂಡು ತುಂಡಾಗಿ ಬೇರೆ ಬೇರೆ ಉದ್ದೇಶಗಳಿಗೆ ಹೋದವು. ಚಳ್ಳಕೆರೆಯ ಕಾವಲಿನಲ್ಲಿ ಸಾವಿರಾರು ಎಕರೆ ರಕ್ಷಣಾ ಮತ್ತು ಸಂಶೋಧನಾ ಸಂಸ್ಥೆಗಳಿಗೆ ಹಂಚಿಕೆಯಾದದ್ದು ಇದರ ಈಚಿನ ಘಟ್ಟ.

ಹರಿಹರದ ಹೆಸರು ಈ ಕಥೆಯಲ್ಲಿ ಇನ್ನೊಂದು ಬಗೆಯಲ್ಲಿ ಬರುತ್ತದೆ. ಹರಿಹರ ಪಾಲಿಫೈಬರ್ಸ್ ಕಾರ್ಖಾನೆಗೆ ನೀಲಗಿರಿಯ ತಿರುಳುಮರ ಒದಗಿಸಲು 1984ರಲ್ಲಿ ಸರ್ಕಾರದ ಪಾಲುದಾರಿಕೆಯಲ್ಲಿ ಕರ್ನಾಟಕ ಪಲ್ಪ್‌ವುಡ್ ಲಿಮಿಟೆಡ್ ಸ್ಥಾಪನೆಯಾಯಿತು. ಧಾರವಾಡ, ಶಿವಮೊಗ್ಗ, ಚಿಕ್ಕಮಗಳೂರು, ಉತ್ತರ ಕನ್ನಡ ಜಿಲ್ಲೆಗಳ ಸುಮಾರು 30,000 ಹೆಕ್ಟೇರ್ ಸಾಮುದಾಯಿಕ ಭೂಮಿಯನ್ನು ಅದಕ್ಕೆ ಕೊಡಲು ತೀರ್ಮಾನವಾಯಿತು. ದನ ಮೇಯಿಸುವ, ಸೌದೆ ಆರಿಸುವ ಗೋಮಾಳಗಳನ್ನು ಕಳೆದುಕೊಂಡ ಹಳ್ಳಿಗರು ಸಮಾಜ ಪರಿವರ್ತನ ಸಮುದಾಯವೆಂಬ ಸಂಘಟನೆಯ ನೇತೃತ್ವದಲ್ಲಿ 1987ರ ನವೆಂಬರ್‌ನಲ್ಲಿ ಕುಸನೂರಿನಲ್ಲಿ ‘ಕಿತ್ತಿಕೋ–ಹಚ್ಚಿಕೋ’ ಸತ್ಯಾಗ್ರಹ ನಡೆಸಿ, ನೀಲಗಿರಿಯ ಸಸಿಗಳನ್ನು ಕಿತ್ತು ತಮಗೆ ಬೇಕಾದ ಗಿಡಗಳನ್ನು ನೆಟ್ಟರು. ವಿವಾದ ಸುಪ್ರೀಂ ಕೋರ್ಟಿನವರೆಗೂ ಹೋಗಿ, 1991ರಲ್ಲಿ ಆ ಸಂಸ್ಥೆಯನ್ನು ಮುಚ್ಚುವ ನಿರ್ಧಾರವಾಯಿತು. ಅದು ಮೇವಿನ, ಸೌದೆಯ, ಬಡವರ ಹಕ್ಕಿನ ಹೋರಾಟವೆಂದು ಸರಿಯಾಗಿಯೇ ನೆನಪಿನಲ್ಲಿ ಉಳಿದಿದೆ. ಅದೇ ನೆಲ ಮೊಲಕ್ಕೂ ಬುರ್ಲಿಗೂ ಮನೆಯಾಗಿತ್ತೆಂಬುದನ್ನು ಸೇರಿಸಿ ನೋಡಿದರೆ, ಒಂದು ಗೋಮಾಳ ನೀಲಗಿರಿಯ ತೋಪಾದಾಗ ಅಳಿಯುವ ಹಕ್ಕಿಗಳ ಸಂತತಿಯನ್ನು ಊರಿನ ಬಲೆಗಳೆಲ್ಲ ಸೇರಿದರೂ ಅಳಿಸಲಾರವು ಎಂದು ಹೇಳಬೇಕಾಗುತ್ತದೆ. ಉರುಳೊಡ್ಡಿದವನಿಗೆ ಸೆರೆವಾಸವನ್ನು ವಿಧಿಸುವ ಕಾನೂನು ನೆಲೆಯನ್ನೇ ಅಳಿಸಿದ ಆದೇಶಕ್ಕೆ, ಅದು ಅಭಯಾರಣ್ಯದ ಗೆರೆಯಾಚೆ ನಡೆದಾಗ, ಯಾವ ಶಿಕ್ಷೆಯನ್ನೂ ಹೇಳುವುದಿಲ್ಲ.

ಹಾಗೆಂದು ಇಂದಿನ ಉರುಳನ್ನು ಸಮರ್ಥಿಸಲಾಗದು. ನೂಲಿನ ಬಲೆಯ ಜಾಗಕ್ಕೆ ಬೈಕಿನ ಕ್ಲಚ್ ತಂತಿ ಬಂದಿದೆ. ನೂಲು ಹರಿಯುತ್ತಿತ್ತು, ಮಳೆಗೆ ಕೊಳೆಯುತ್ತಿತ್ತು, ಒಡೆಯನು ಅದನ್ನು ಕಾದು ಕೂರಬೇಕಾಗುತ್ತಿತ್ತು. ತಂತಿಯ ಉರುಳು ಹೂಡಿದವನು ಮರೆತರೂ ತಿಂಗಳುಗಟ್ಟಲೆ ಕಾಯುತ್ತ ಬಿದ್ದಿರುತ್ತದೆ, ಹಂದಿಗೆಂದು ಇಟ್ಟದ್ದು ಚಿರತೆಯ ಸೊಂಟವನ್ನೋ ಕರಡಿಯ ಕಾಲನ್ನೋ ಕೊಯ್ಯುತ್ತದೆ. ತಿನಿಸಿನಲ್ಲಿ ಹುದುಗಿಸಿಟ್ಟ ಸಿಡಿಮದ್ದು ಹಂದಿಯ ಬಾಯಿಯಲ್ಲೂ ಸಿಡಿಯುತ್ತದೆ, ಮೇಯಲು ಬಂದ ಹಸುವಿನ ಬಾಯಿಯಲ್ಲೂ ಸಿಡಿಯುತ್ತದೆ. ಬೇಲಿಗೆ ಹರಿಸಿದ ವಿದ್ಯುತ್ತು ಪ್ರಾಣಿಗಳ ಜೊತೆಗೆ, ಇರುಳಲ್ಲಿ ನೀರು ಕಟ್ಟಲು ಹೋದ ರೈತರನ್ನೂ ಬಲಿ ತೆಗೆದುಕೊಳ್ಳುತ್ತಿದೆ. ಪಂಜರದ ದೀವದ ಹಕ್ಕಿಯನ್ನು ವರ್ಷಗಟ್ಟಲೆ ಸಾಕಿ ಪಳಗಿಸುವ ಅಗತ್ಯವಿಲ್ಲದೆ, ಮೊಬೈಲಿನಲ್ಲಿ ಧ್ವನಿಮುದ್ರಿತವಾದ ಕೂಗೊಂದೇ ಬಯಲಿನ ಹಕ್ಕಿಗಳನ್ನೆಲ್ಲ ಬಲೆಗೆ ಕರೆಯುತ್ತದೆ. ತಲೆಗೆ ಕಟ್ಟಿದ ಪ್ರಖರ ದೀಪಕ್ಕೆ ಮೊಲ ಬೆರಗಾಗಿ ನಿಂತುಬಿಡುವುದರಿಂದ ಸೋವುವವರೂ ಬೇಡ, ನಾಯಿಯೂ ಬೇಡ. ಬಿಡುವಿನ ಋತುವಿಗೆ ಕಾಯುವ ಕಾರಣ ಉಳಿದಿಲ್ಲ. ಹಂಚಿ ತಿನ್ನುವ ಪಾಲಿನ ಜಾಗದಲ್ಲಿ ಕಾಡುಮಾಂಸಕ್ಕೆ ಹೆಚ್ಚಿನ ಬೆಲೆ ಕೊಟ್ಟು ಕೊಳ್ಳುವ ಪಟ್ಟಣದ ಗಿರಾಕಿ ನಿಂತಿದ್ದಾನೆ. ಅವನಿಗೆ ಹಸಿವಿಲ್ಲ, ರುಚಿಯ ಚಪಲವಿದೆ. ಎರಡು ತಲೆಯ ಹಾವೆಂದು ಕರೆಯುವ ಮಣ್ಣುಮುಕ್ಕ ಹಾವು, ನಕ್ಷತ್ರ ಆಮೆ, ಚಿಪ್ಪುಹಂದಿ ಇವುಗಳ ಸುತ್ತ ಅದೃಷ್ಟದ, ಔಷಧದ ಕಟ್ಟುಕಥೆಗಳನ್ನು ಹೆಣೆದ ದಲ್ಲಾಳಿಗಳ ಜಾಲವು ಹಳ್ಳಿಯ ಬಡವನ ಪರಿಣತಿಯನ್ನು ಅತ್ಯಂತ ಅಗ್ಗವಾಗಿ ಕೊಂಡು, ಸಿಕ್ಕಿಬಿದ್ದಾಗ ಅವನನ್ನೇ ಮುಂದೆ ತಳ್ಳುತ್ತದೆ.

ಆದ್ದರಿಂದ ಯುಗಾದಿಯ ಹೆಸರಿನಲ್ಲಿ, ಜಾತ್ರೆಯ ಹೆಸರಿನಲ್ಲಿ ನೂರಾರು ಜನ ವಾಹನಗಳಲ್ಲಿ ಹೊರಟು ಮೊಲಗಳನ್ನು ಕೊಂದು ಮೆರವಣಿಗೆ ಮಾಡುವುದನ್ನು ಸಂಪ್ರದಾಯವೆನ್ನುವುದು ಸಂಪ್ರದಾಯಕ್ಕೇ ಮಾಡುವ ಅನ್ಯಾಯವಾಗಿದೆ. ಅದರೊಳಗೆ ಉಳಿದಿರುವುದು ದಿನಾಂಕವೊಂದೇ, ಉಪಕರಣದ ಮಿತಿಯಾಗಲಿ ನೆಲದ ವೈಶಾಲ್ಯವಾಗಲಿ ಉಳಿದಿಲ್ಲ.

ರೈತನ ಸಂಕಟವನ್ನು ಇದರಿಂದ ಬೇರ್ಪಡಿಸಿ ನೋಡಬೇಕು. ತೆನೆ ಕಟ್ಟಿದ ಮೆಕ್ಕೆಜೋಳವನ್ನು ಒಂದೇ ಇರುಳಲ್ಲಿ ಹಂದಿಯ ಹಿಂಡು ಮಲಗಿಸಿದ ಹೊಲದ ಒಡೆಯನಿಗೆ ಕಾಯಿದೆಯ ನೀತಿಬೋಧೆ ನಾಟುವುದಿಲ್ಲ. ಅವನಿಗೆ ಬೇಕಾದದ್ದು ಹಂಗಾಮು ಮುಗಿಯುವ ಮೊದಲು ಕೈಸೇರುವ ಪರಿಹಾರ ಮತ್ತು ಜೀವಕ್ಕೆ ಅಪಾಯವಿಲ್ಲದ ಬೇಲಿ. ಇವು ತಡವಾದಷ್ಟೂ ಸಿಡಿಮದ್ದು ಮಾರುವವನು ಬೇಗ ತಲುಪುತ್ತಾನೆ.

ಕಾನೂನಿನ ಜಾರಿಯಲ್ಲಿ ಇನ್ನೊಂದು ನೋವಿನ ಅಂಶವಿದೆ. 1972ರ ಕಾಯಿದೆಯ 57ನೆಯ ಕಲಮಿನ ಪ್ರಕಾರ ಕಾಡುಪ್ರಾಣಿಯ ಮಾಂಸವಾಗಲಿ ಅಂಗವಾಗಲಿ ಒಬ್ಬನ ವಶದಲ್ಲಿದ್ದುದು ರುಜುವಾತಾದರೆ, ಅದು ಅಕ್ರಮವಲ್ಲವೆಂದು ಸಾಧಿಸುವ ಹೊಣೆ ಅವನದೇ ಆಗುತ್ತದೆ. ವಕೀಲರನ್ನಿಡುವ ಶಕ್ತಿಯುಳ್ಳವನಿಗೂ ಗುಡಿಸಲಿನವನಿಗೂ ಈ ಹೊಣೆ ಸಮನಾದ ಭಾರವಲ್ಲ. ವಿಮುಕ್ತ ಸಮುದಾಯಗಳ ವಿಷಯದಲ್ಲಿ ಹಳೆಯ ಪಟ್ಟಿ ರದ್ದಾಗಿ ಏಳು ದಶಕಗಳು ಕಳೆದರೂ, ಎಲ್ಲಿ ಉರುಳು ಕಂಡರೂ ಮೊದಲು ಅವರ ಬಿಡಾರವನ್ನೇ ಶೋಧಿಸುವ ಅಭ್ಯಾಸ ಅಳಿದಿಲ್ಲ. ಚನ್ನಗಿರಿ ತಾಲ್ಲೂಕಿನಲ್ಲಿ ನೆಲೆಸಿರುವ ಹಕ್ಕಿಪಿಕ್ಕಿಗಳು ಬೇಟೆ ಬಿಟ್ಟು ಗಿಡಮೂಲಿಕೆಯ ಎಣ್ಣೆ, ಔಷಧಿಗಳ ವ್ಯಾಪಾರಕ್ಕೆ ತಿರುಗಿ ಆಫ್ರಿಕದ ದೇಶಗಳವರೆಗೂ ಹೋಗಿಬರುತ್ತಾರೆ. 2023ರಲ್ಲಿ ಸುಡಾನಿನ ಅಂತರ್ಯುದ್ಧದಲ್ಲಿ ಸಿಲುಕಿ ಮರಳಿದ ಕರ್ನಾಟಕದ ಹಕ್ಕಿಪಿಕ್ಕಿಗಳಲ್ಲಿ ಈ ತಾಲ್ಲೂಕಿನವರೂ ಇದ್ದರು. ಬೇರೆ ಬದುಕಿನ ದಾರಿ ಕಂಡ ಕೂಡಲೇ ಅದನ್ನು ಹಿಡಿದ ಸಮುದಾಯವನ್ನು ಬೇಟೆಯ ಕಸುಬಿನ ಹೆಸರಿನಲ್ಲೇ ಇಂದಿಗೂ ಶಂಕಿಸುವುದು ಅನ್ಯಾಯ. ಕಾನೂನು ಬಿಗಿಯಾಗಿರಲಿ, ಆದರೆ ಅದು ಕೃತ್ಯವನ್ನು ನೋಡಬೇಕೇ ಹೊರತು ಕುಲವನ್ನಲ್ಲ. ಉರುಳು ಹೂಡಿದ ಕೈಯಷ್ಟೇ, ಅಥವಾ ಅದಕ್ಕಿಂತ ಹೆಚ್ಚಾಗಿ, ಮಾಂಸ ಕೊಂಡ ಕೈಯನ್ನು ಹಿಡಿಯಬೇಕು.

ಈ ಜನರಲ್ಲಿ ಉಳಿದಿರುವ ಅರಿವಿನ ಬಗೆಗೆ ತುರ್ತಾಗಿ ಆಗಬೇಕಾದ ಕೆಲಸವೊಂದಿದೆ. 2002ರ ಜೈವಿಕ ವೈವಿಧ್ಯ ಕಾಯಿದೆಯು ಪ್ರತಿ ಸ್ಥಳೀಯ ಸಂಸ್ಥೆಯಲ್ಲೂ ಜೀವವೈವಿಧ್ಯ ನಿರ್ವಹಣಾ ಸಮಿತಿಯನ್ನು ರಚಿಸಿ, ಆ ಊರಿನ ಸಸ್ಯ ಪ್ರಾಣಿಗಳನ್ನೂ ಅವುಗಳ ಕುರಿತ ಸ್ಥಳೀಯ ತಿಳಿವನ್ನೂ ಜನತಾ ಜೀವವೈವಿಧ್ಯ ದಾಖಲೆಯಲ್ಲಿ ಬರೆದಿಡಬೇಕೆನ್ನುತ್ತದೆ. ಇಂಥ ದಾಖಲೆಯನ್ನು ಕಚೇರಿಯಲ್ಲಿ ಕುಳಿತು ಪ್ರಾಣಿಗಳ ಹೆಸರಿನ ಪಟ್ಟಿಯಾಗಿ ಮುಗಿಸಿಬಿಡಬಾರದು. ಲೋಕಿಕೆರೆಯಂಥ ಪಂಚಾಯಿತಿಯ ದಾಖಲೆಯಲ್ಲಿ ಯಾವ ಬೀಳಿನಲ್ಲಿ ಕೌಜುಗ ಮೊಟ್ಟೆಯಿಡುತ್ತಿತ್ತು, ಯಾವ ಹಳ್ಳದ ನೀರು ಬೇಸಿಗೆಯಲ್ಲೂ ಉಳಿದು ಪ್ರಾಣಿಗಳನ್ನು ಸೇರಿಸುತ್ತಿತ್ತು, ಯಾವ ಗೋಮಾಳ ಯಾವ ವರ್ಷ ಯಾರ ಪಾಲಾಯಿತು ಎಂಬುದು ಸರ್ವೆ ನಂಬರಿನ ಸಮೇತ ಬರಬೇಕು. ಇದನ್ನು ಹೇಳಬಲ್ಲವರು ಬಲೆ ಹೆಣೆದು ಬಯಲು ತಿರುಗಿದ ಹಿರಿಯರೇ. ಹೇಳಿದರೆ ಮೊಕದ್ದಮೆ ಬಿದ್ದೀತೆಂಬ ಹೆದರಿಕೆಯಿಂದ ಅವರು ಬಾಯಿ ಬಿಡುವುದಿಲ್ಲ. ಹಳೆಯ ಬೇಟೆಯ ಮಾಹಿತಿಯನ್ನು ಯಾರ ವಿರುದ್ಧವೂ ಬಳಸುವುದಿಲ್ಲವೆಂಬ ಲಿಖಿತ ಭರವಸೆಯನ್ನು ಅರಣ್ಯ ಇಲಾಖೆಯೂ ಪಂಚಾಯಿತಿಯೂ ಸೇರಿ ಕೊಟ್ಟು, ಅವರಿಗೆ ದಿನಗೂಲಿ ನೀಡಿ, ಅವರೊಡನೆ ಗೋಮಾಳಗಳ ಗಡಿ ನಡೆದು, ಉಳಿದ ಬೀಳಿನ ನಕ್ಷೆ ತಯಾರಿಸಿ, ಅದನ್ನು ಗ್ರಾಮಸಭೆಯ ಮುಂದಿಡುವುದರಿಂದ ಈ ಕೆಲಸ ಶುರುವಾಗಬೇಕು.